ಯಾರೂ ಹೊಡೆಯದ ಟ್ಯಾಂಕ್

“ನೋಡಿ, ಯಾರಿಗೂ ನನ್ನ ಮುಟ್ಟೋಕೇ ಆಗ್ತಿಲ್ಲ!”

ಈ ವಾರದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ (ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ ಕಥೆಯ ಪಾತ್ರಗಳಾಗಿ ಆಡುವ ಆಟ) ಫೈಟರ್, ಅಂದರೆ ಯೋಧನ ಪಾತ್ರ, ಆಡುತ್ತಿದ್ದ ಹುಡುಗ ಹೀಗೆ ಬೀಗುತ್ತಿದ್ದಾಗ, ಮೇಜಿನ ಆ ಕಡೆ ವಿಝರ್ಡ್ (ಮಂತ್ರವಾದಿ) ಆಡುತ್ತಿದ್ದವಳು ಎರಡನೇ ಡೆತ್ ಸೇವ್‌ಗೆ, ಅಂದರೆ ನೆಲಕ್ಕೆ ಬಿದ್ದ ಪಾತ್ರ ಉಳಿಯುತ್ತದೋ ಇಲ್ಲವೋ ನೋಡಲು, ದಾಳ ಉರುಳಿಸುತ್ತಿದ್ದಳು. ತಲೆ ಎತ್ತದೆಯೇ ಅಂದಳು: “ಮುಟ್ಟೋಕಾಗಲ್ಲ ಅಂತ ಗೊತ್ತಾಗೇ ಕಣೋ ಆ ಗೋಬ್ಲಿನ್‌ಗಳು ನನ್ನ ಹತ್ರ ಬಂದಿದ್ದು.”

ಆ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಟ್ಯಾಂಕ್, ಅಂದರೆ ಜೊತೆಯವರ ಪಾಲಿನ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವ ಪಾತ್ರ, ಕಟ್ಟುವ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಆಡಿದ್ದು 5ನೇ ಆವೃತ್ತಿ, 2014ರ ನಿಯಮ, ಎಲ್ಲರೂ 5ನೇ ಲೆವೆಲ್. ಹುಡುಗನ ಕೂಡಿಸುವ ಲೆಕ್ಕ ಸರಿಯಾಗೇ ಇತ್ತು. ಪ್ಲೇಟ್ ಆರ್ಮರ್ 18, ಶೀಲ್ಡ್ 2, ಡಿಫೆನ್ಸ್ ಸ್ಟೈಲ್ 1, ಒಟ್ಟು ಎಸಿ (ಆರ್ಮರ್ ಕ್ಲಾಸ್, ಏಟು ತಗಲಲು ಶತ್ರು ಮುಟ್ಟಬೇಕಾದ ಅಂಕ) 21. ಗೋಬ್ಲಿನ್ (ಕುಳ್ಳ ರಾಕ್ಷಸ) ದಾಳಿಗೆ 20 ಮುಖದ ದಾಳದ ಜೊತೆ +4. ದಾಳದಲ್ಲಿ 17 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದರೆ ಶೇ. 20. ಅದೇ ಗೋಬ್ಲಿನ್ ಎಸಿ 12ರ ವಿಝರ್ಡ್ ಕಡೆ ತಿರುಗಿದರೆ 8 ಬಿದ್ದರೂ ಏಟು ತಗಲುತ್ತದೆ, ಶೇ. 65. ಯಾರನ್ನು ಹೊಡೆಯಬೇಕು ಅಂತ ಯೋಚಿಸೋದಕ್ಕೇನಿದೆ? ಪ್ಲೇಟ್‌ಗೆ ಬೇಕಾದ 1,500 ಚಿನ್ನದ ನಾಣ್ಯದಲ್ಲಿ ವಿಝರ್ಡ್‌ನ ಪಾಲೂ ಇತ್ತು ಅನ್ನೋದು ಬೇರೆ ಮಾತು.

ಆಟ ಮುಗಿದ ಮೇಲೆ ಡಿಎಂ (ಆಟ ನಡೆಸುತ್ತ ಶತ್ರುಗಳನ್ನು ಆಡಿಸುವವ) ಮೋಸ ಮಾಡಿದ ಅಂತ ಗೊಣಗಾಟ ಶುರುವಾಯಿತು. ನಾನು ಒಪ್ಪುವುದಿಲ್ಲ. ಗೋಬ್ಲಿನ್‌ನ ಇಂಟೆಲಿಜೆನ್ಸ್ 10, ಸಾಮಾನ್ಯ ಮನುಷ್ಯನಷ್ಟೇ. ಜೊತೆಗೆ ಬೋನಸ್ ಆಕ್ಷನ್‌ನಲ್ಲೇ, ಅಂದರೆ ದಾಳಿಯ ಜೊತೆಗೇ, ಡಿಸ್‌ಎಂಗೇಜ್ ಮಾಡುವ (ಏಟು ತಿನ್ನದೆ ಜಾರಿಕೊಳ್ಳುವ) ಶಕ್ತಿ ಇದೆ. ಪಕ್ಕದಿಂದ ನುಸುಳಿ ಹೋದರೆ ಆಪರ್ಚುನಿಟಿ ಅಟ್ಯಾಕ್, ಅಂದರೆ ದಾಟಿ ಹೋಗುವವನಿಗೆ ಹಾಕುವ ಏಟು, ಇಲ್ಲ. ಇದ್ದಿದ್ದರೂ ಒಂದು ಸುತ್ತಿಗೆ ಇರುವುದು ಒಂದೇ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡಬಹುದಾದ ಕ್ರಿಯೆ). ಮೂರು ನುಗ್ಗಿದರೆ ಎರಡು ದಾಟಿಯೇ ದಾಟುತ್ತವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ವಿಡಿಯೊ ಗೇಮ್ ಆಡಿ ಬಂದವರು ಎಡವುವುದು ಇಲ್ಲೇ. ಅಲ್ಲಿ ಟಾಂಟ್ ಒತ್ತಿದರೆ ಶತ್ರು ನಿಮ್ಮತ್ತ ತಿರುಗಲೇಬೇಕು. ಇಲ್ಲಿ ಅಂಥ ಬಟನ್ ಇಲ್ಲ, ಶತ್ರುವಿನ ತಲೆ ಡಿಎಂನದು.

ಹಾಗಾಗಿ ನನ್ನನ್ನು ಕೇಳಿದರೆ ನಾನು ಹೇಳುವುದು ಬಾರ್ಬೇರಿಯನ್ (ರೇಜ್ ಅನ್ನುವ ರೋಷದಲ್ಲಿ ಹೋರಾಡುವ, ಆಗ ತಗಲಿದ ಪೆಟ್ಟು ಅರ್ಧವಾಗುವ ಯೋಧ), ಅದರಲ್ಲೂ 3ನೇ ಲೆವೆಲ್‌ನಲ್ಲಿ ಸಿಗುವ ಆನ್ಸೆಸ್ಟ್ರಲ್ ಗಾರ್ಡಿಯನ್ ದಾರಿ. ಕುಲ ಮೌಂಟನ್ ಡ್ವಾರ್ಫ್ ತಗೊಳ್ಳಿ. ಸಾಮರ್ಥ್ಯಗಳಿಗೆ ಹಂಚಲು ಸಿಗುವ 27 ಪಾಯಿಂಟ್‌ನಲ್ಲಿ ಸ್ಟ್ರೆಂತ್ 15, ಡೆಕ್ಸ್ (ಚುರುಕುತನ) 14, ಕಾನ್ (ದೇಹದ ತಾಳಿಕೆ) 14, ವಿಸ್ಡಮ್ 12, ಉಳಿದೆರಡು 8. ಡ್ವಾರ್ಫ್‌ನ +2, +2 ಸೇರಿದರೆ ಸ್ಟ್ರೆಂತ್ 17, ಕಾನ್ 16. 5ನೇ ಲೆವೆಲ್‌ಗೆ 55 ಎಚ್‌ಪಿ (ಪ್ರಾಣದ ಅಂಕ). ಹೆವಿ ಆರ್ಮರ್ ಹಾಕಿದರೆ ರೇಜ್‌ನ ಲಾಭವೆಲ್ಲ ಹೋಗುತ್ತದೆ, ಆದ್ದರಿಂದ ಹಾಫ್ ಪ್ಲೇಟ್. ಡೆಕ್ಸ್ ಸೇರಿ ಎಸಿ 17.

21 ಎಲ್ಲಿ, 17 ಎಲ್ಲಿ ಅಂತ ಮೂಗು ಮುರಿಯಬೇಡಿ. ರೆಕ್‌ಲೆಸ್ ಅಟ್ಯಾಕ್ ಎಂಬ ಬಾರ್ಬೇರಿಯನ್ ವಿದ್ಯೆ ಬಳಸಿದರೆ ನಿಮಗೂ ಅಡ್ವಾಂಟೇಜ್ (ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು), ನಿಮ್ಮನ್ನು ಹೊಡೆಯುವವರಿಗೂ ಅಡ್ವಾಂಟೇಜ್. ಆಗ ಅದೇ ಗೋಬ್ಲಿನ್ ನಿಮ್ಮನ್ನು ಹೊಡೆಯುವ ಸಾಧ್ಯತೆ ಶೇ. 64. ವಿಝರ್ಡ್‌ನದು 65. ಈಗ ಅದಕ್ಕೆ ಇಬ್ಬರೂ ಒಂದೇ! ಆದರೆ ಸರಾಸರಿ 5ರ ಏಟು ರೇಜ್‌ನಲ್ಲಿರುವ ನಿಮಗೆ 2 ಆಗುತ್ತದೆ. ಇನ್ನು ಆನ್ಸೆಸ್ಟ್ರಲ್ ಗಾರ್ಡಿಯನ್ ದಾರಿಯಿಂದಾಗಿ, ರೇಜ್‌ನಲ್ಲಿರುವ ನಿಮ್ಮ ಸರದಿಯಲ್ಲಿ ಮೊದಲು ಏಟು ತಿಂದ ಶತ್ರು ನಿಮ್ಮನ್ನು ಬಿಟ್ಟು ಬೇರೆಯವರ ಮೇಲೆ ಹೋದರೆ ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ದಾಳದಲ್ಲಿ ಕಡಿಮೆಯದು) ದಾಳ ಹಾಕಬೇಕು. 65 ಇದ್ದದ್ದು 42ಕ್ಕೆ ಇಳಿಯುತ್ತದೆ, ತಗಲಿದರೂ ಅರ್ಧ. ಈ ಮೊದಲ ಏಟು ಕೊಡಲಿಯದ್ದೇ ಆಗಬೇಕಿಲ್ಲ, ಎಸೆದ ಜಾವೆಲಿನ್ನೂ ನಡೆಯುತ್ತದೆ. ನಾಲ್ಕೈದು ಜಾವೆಲಿನ್ ಸದಾ ಬೆನ್ನಿಗಿರಲಿ. ಒಂದು ಸುತ್ತು ಯಾರನ್ನೂ ಹೊಡೆಯದೆ, ಏಟೂ ತಿನ್ನದೆ ಕಳೆದರೆ ರೇಜ್ ಇಳಿದುಹೋಗುತ್ತದೆ.

4ನೇ ಲೆವೆಲ್‌ನಲ್ಲಿ ಸೆಂಟಿನೆಲ್ ಫೀಟ್ (ಹೆಚ್ಚುವರಿ ಕೌಶಲ). ಡಿಸ್‌ಎಂಗೇಜ್ ಮಾಡಿ ಹೊರಟವನ ಮೇಲೂ ಏಟು ಹಾಕಬಹುದು, ತಗಲಿದರೆ ಅವನ ವೇಗ ಸೊನ್ನೆ. ಬಹಳ ಜನ ಇದರ ಜೊತೆಗೆ ಪ್ರೊಟೆಕ್ಷನ್ ಸ್ಟೈಲನ್ನೂ (ಪಕ್ಕದವರ ಮೇಲಿನ ದಾಳಿಗೆ ಅಡ್ಡ ಬರುವುದು) ತಗೊಳ್ಳಲು ಫೈಟರ್ ಆಡುತ್ತಾರೆ. ಎರಡಕ್ಕೂ ರಿಯಾಕ್ಷನ್ ಬೇಕು. ಒಂದು ಬಳಸಿದ ಸುತ್ತಿನಲ್ಲಿ ಇನ್ನೊಂದು ದಂಡ. ಅದೇ ಬಾರ್ಬೇರಿಯನ್‌ಗೆ 6ನೇ ಲೆವೆಲ್‌ನಲ್ಲಿ ಸಿಗುವ, ಜೊತೆಯವರ ಪೆಟ್ಟು ತಗ್ಗಿಸುವ ಸ್ಪಿರಿಟ್ ಶೀಲ್ಡ್‌ನದೂ ಇದೇ ಕಥೆ.

ವಿಸ್ಡಮ್ 8ಕ್ಕೆ ಇಳಿಸಬೇಡಿ. ಮೈ ಮರಗಟ್ಟಿಸುವ ಹೋಲ್ಡ್ ಪರ್ಸನ್ ಮಂತ್ರವನ್ನು ತಡೆಯುವುದು ವಿಸ್ಡಮ್, ಅದಕ್ಕೆ ಪ್ಲೇಟೂ ಆಗದು, ರೇಜೂ ಆಗದು. ಅದು ಬಿದ್ದರೆ 5 ಅಡಿಯೊಳಗಿಂದ ತಗಲಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಪೆಟ್ಟಿನ ದಾಳ ಎರಡರಷ್ಟು.

ಟ್ಯಾಂಕ್ ಆರಿಸುವವರಲ್ಲಿ ಅರ್ಧಕ್ಕರ್ಧ ಜನ ಸಾಯಬಾರದು ಅಂತ ಆರಿಸುತ್ತಾರೆ ಅನ್ನುವುದು ನನ್ನ ಅನುಮಾನ. ಪ್ರಾಜೆಕ್ಟ್ ಮುಳುಗುತ್ತಿದ್ದರೂ ತನ್ನ ಮೇಲ್‌ಗಳನ್ನೆಲ್ಲ ಜೋಪಾನ ಮಾಡಿಟ್ಟುಕೊಂಡು “ನನ್ನ ಕಡೆಯಿಂದ ಏನೂ ಪೆಂಡಿಂಗ್ ಇಲ್ಲ ಸಾರ್” ಅನ್ನುವವರು ಆಫೀಸಿಗೊಬ್ಬರು ಇರುತ್ತಾರಲ್ಲ, ಹಾಗೆ. ಎಚ್‌ಪಿ ಇರುವುದೇ ಖರ್ಚು ಮಾಡಲಿಕ್ಕೆ. ಜೊತೆಯವರು ನೆಲಕ್ಕೆ ಬಿದ್ದಿರುವಾಗ ಟ್ಯಾಂಕ್‌ನ 44ರಲ್ಲಿ 44 ಹಾಗೇ ಇದೆ ಅಂದರೆ, ಅದು ಹೆಮ್ಮೆಪಡುವ ಸಂಗತಿಯಲ್ಲ. ಈ ಹುಡುಗ ಒಳ್ಳೆಯವನೇ, ಕೇಳಿಸಿಕೊಳ್ಳುತ್ತಾನೆ. ಆದರೆ ಸದ್ಯಕ್ಕೆ +2 ಶೀಲ್ಡ್ ಹುಡುಕುತ್ತಿದ್ದಾನೆ, ಎಸಿ 23 ಮಾಡಲಿಕ್ಕೆ.

ಪಾತ್ರ ಬದಲಿಸದೆಯೂ ದಾರಿ ಇದೆ. ಫೈಟರ್‌ಗೆ 6ನೇ ಲೆವೆಲ್‌ನಲ್ಲಿ ಇನ್ನೊಂದು ಫೀಟ್ ಸಿಗುತ್ತದೆ, ಅಲ್ಲಿ ಸೆಂಟಿನೆಲ್ ಹಾಕಲಿ. ಅಲ್ಲಿಯವರೆಗೆ ಬಯಲಲ್ಲಿ ನಿಲ್ಲದೆ 5 ಅಡಿಯ ಬಾಗಿಲಲ್ಲಿ ನಿಲ್ಲಲಿ.

ವಿಝರ್ಡ್ ಪರವಾಗಿಯೂ ನಾನು ಪೂರ್ತಿ ವಾದಿಸಲಾರೆ. ಯಾವ ಟ್ಯಾಂಕ್‌ನ ಕೈಗೂ ಎಟುಕದಂತೆ 30 ಅಡಿ ದೂರ ನಿಂತಿದ್ದಳು. ಮೇಜ್ ಆರ್ಮರ್ ಮಂತ್ರ ಒಂದು ಹಾಕಿದ್ದರೆ 8 ಗಂಟೆ ಎಸಿ 15, ಗೋಬ್ಲಿನ್‌ನ ಸಾಧ್ಯತೆ ಶೇ. 50ಕ್ಕೆ ಇಳಿಯುತ್ತಿತ್ತು. ಆ ಸ್ಲಾಟನ್ನು (ಮಂತ್ರ ಹಾಕುವ ಅವಕಾಶ) ಮ್ಯಾಜಿಕ್ ಮಿಸೈಲ್ ಎಂಬ ದಾಳಿಯ ಮಂತ್ರಕ್ಕೆ ಅಂತ ಉಳಿಸಿಕೊಂಡಿದ್ದಳು. ಹೊಡೆಯುವ ಸರದಿ ಬರಲೇ ಇಲ್ಲ.