ಹಸಿರು ಕಲ್ಲಿನೊಳಗಿನ ಉಂಗುರಗಳು

ಇವತ್ತು ತಾಮ್ರದ ಹಸಿರು ಖನಿಜವಾದ ಮ್ಯಾಲಕೈಟ್‌ನ ಒಂದು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮ್ನೆ ನೋಡುತ್ತಾ ಕೂತಿದ್ದೆ. ಒಂದು ಮುಖವನ್ನು ಉಜ್ಜಿ ನಯ ಮಾಡಿದ್ದಾರೆ. ತಿಳಿ ಹಸಿರು, ಕಡು ಹಸಿರು, ಮತ್ತೆ ತಿಳಿ ಹಸಿರು. ಉಂಗುರದೊಳಗೆ ಉಂಗುರ. ಲೆನ್ಸ್ ಹಿಡಿದರೆ ಪಟ್ಟಿಗಳ ಒಳಗೆ ರೇಷ್ಮೆಯಂಥ ಸಣ್ಣ ಎಳೆಗಳೂ ಕಾಣುತ್ತವೆ. ಎಷ್ಟು ನೋಡಿದರೂ ಸಾಕಾಗಲ್ಲ.

ಇದರೊಳಗಿನ ತಾಮ್ರ ಹುಟ್ಟಿನಿಂದಲೇ ಹಸಿರಲ್ಲ ಅನ್ನೋದೇ ನನಗೆ ಜಾಸ್ತಿ ಇಷ್ಟ. ನೆಲದಾಳದಲ್ಲಿ ತಾಮ್ರ ಹೆಚ್ಚಾಗಿ ಗಂಧಕದ ಜೊತೆ ಇರುತ್ತದೆ, ಹಿತ್ತಾಳೆ ಬಣ್ಣದ ಚಾಲ್ಕೋಪೈರೈಟ್ ಥರ. ಮೇಲಿನ ಬಂಡೆ ಸವೆದಂತೆ ಆ ಅದಿರಿಗೆ ಗಾಳಿ, ಮಳೆನೀರು ತಾಗುತ್ತವೆ. ಅದು ನಿಧಾನಕ್ಕೆ ಕೆಡುತ್ತದೆ. ನೀರು ಹುಳಿಯಾಗಿ, ತಾಮ್ರವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಇಳಿಯುತ್ತದೆ. ದಾರಿಯಲ್ಲಿ ಸುಣ್ಣಕಲ್ಲು ಸಿಕ್ಕಿದರೆ ಹುಳಿ ಮುರಿಯುತ್ತದೆ. ಆಗ ತಾಮ್ರ ಸುಣ್ಣಕಲ್ಲಿನಲ್ಲೂ ಇರುವ ಕಾರ್ಬೊನೇಟ್ ಜೊತೆ ಸೇರಿ, ಮ್ಯಾಲಕೈಟ್ ಆಗಿ ಪದರದ ಮೇಲೆ ಪದರವಾಗಿ ಕೂರುತ್ತದೆ. ನೀರಿನ ಗುಣ ಸ್ವಲ್ಪ ಬದಲಾದರೂ ಸಾಕು, ಪಟ್ಟಿಯ ಬಣ್ಣ ಬದಲಾಗುತ್ತದೆ.

ನೀಲಿ ಅಜುರೈಟ್ ಕೂಡ ಇದೇ ಮನೆಯದು. ಎಷ್ಟೋ ಸಲ ಕಾಲ ಕಳೆದಂತೆ ಅದೇ ಮ್ಯಾಲಕೈಟ್ ಆಗಿಬಿಡುತ್ತದೆ, ಹರಳಿನ ಆಕಾರ ಮಾತ್ರ ಹಳೆಯದೇ ಉಳಿಯುತ್ತದೆ. ಎಂಥ ಚಂದ ಅಲ್ವಾ?

ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ತೂಕದಲ್ಲಿ ಶೇ. 57ರಷ್ಟು ತಾಮ್ರವೇ. ಹಿಂದಿನವರು ಇದನ್ನು ಇದ್ದಿಲಿನ ಜೊತೆ ಕಾಯಿಸಿ ತಾಮ್ರ ತೆಗೆಯುತ್ತಿದ್ದರು. ಆದರೆ ಕಲ್ಲು ಮೆತ್ತಗೆ, ಚಾಕು ತಾಗಿದರೆ ಗೀರು ಬೀಳುತ್ತದೆ. ಅದಕ್ಕೇ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟೆ.

ನನ್ನ ಚೂರಿನ ಹೊರಗಿನ ಕೊನೆಯ ಪಟ್ಟಿ ತೀರಾ ತೆಳು. ಅಲ್ಲಿಗೆ ನೀರು ಬರುವುದು ನಿಂತಿತೇನೋ.