ಗಾಳಿಯ ಊರಿಗೆ ಹೋದವಳು

ಜನವರಿ 29, 2018, ಸೋಮವಾರ
ಶಾಂಪೇನ್, ಇಲಿನಾಯ್

ಬೆಳಿಗ್ಗೆ ಐದಕ್ಕೇ ಎದ್ದು ಇವಳನ್ನು ಸ್ಟೇಷನ್‌ಗೆ ಬಿಟ್ಟು ಬಂದೆ. ಸೋಮವಾರ ಹೋದರೆ ವಾಪಸ್ ಬರುವುದು ಶುಕ್ರವಾರ ರಾತ್ರಿ. ಕೆಲಸ ಶಿಕಾಗೋದಲ್ಲಿ, ಮನೆ ಇಲ್ಲಿ. ನಡುವೆ ಸುಮಾರು 215 ಕಿಲೋಮೀಟರ್ ಜೋಳದ ಹೊಲ. ಈಗ ಜೋಳವೂ ಇಲ್ಲ, ಬರೀ ಕೂಳೆ.

ರೈಲು ಹೋದ ಮೇಲೆ ಕಾರಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹೀಟರ್ ಬಿಸಿಯಾಗುವವರೆಗೆ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು. ಆಮೇಲೆ ಫೋನ್‌ನಲ್ಲಿ ನಿನ್ನೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದವರ ಪಟ್ಟಿ ನೋಡಿದೆ. ಎರಡು ಪ್ರಶಸ್ತಿಗೆ ನಾಮನಿರ್ದೇಶನವಾಗಿದ್ದ ಗಾಯಕಿ ಆಲಿಸನ್ ಕ್ರೌಸ್‌ಗೆ ಎರಡೂ ಕೈತಪ್ಪಿವೆ. ಒಂದು ಕ್ರಿಸ್ ಸ್ಟೇಪಲ್‌ಟನ್‌ಗೆ ಹೋಯಿತು, ಇನ್ನೊಂದು ಅಲಬಾಮಾ ಶೇಕ್ಸ್ ತಂಡಕ್ಕೆ.

ಕ್ರೌಸ್‌ಗೇನೂ ನಷ್ಟವಿಲ್ಲ ಬಿಡಿ. ಈಗಾಗಲೇ 27 ಗ್ರ್ಯಾಮಿ ಇಟ್ಟುಕೊಂಡಿದ್ದಾರೆ, 2018ರ ಈ ಹೊತ್ತಿಗೆ ಇಷ್ಟು ಗೆದ್ದ ಇನ್ನೊಬ್ಬ ಹೆಂಗಸು ಇಲ್ಲ. ಆದರೂ ನನಗೆ ಬೇಜಾರಾಯಿತು. ನಮ್ಮೂರ ಹುಡುಗಿ ಅಲ್ವಾ! ಹುಟ್ಟಿದ್ದು ಪಕ್ಕದ ಡಿಕೇಟರ್‌ನಲ್ಲಿ, ಬೆಳೆದಿದ್ದು ಇದೇ ಶಾಂಪೇನ್‌ನಲ್ಲಿ. ಐದು ವರ್ಷಕ್ಕೆ ವಯಲಿನ್ ಹಿಡಿದವರು. 12ಕ್ಕೆ ಇಲಿನಾಯ್ ರಾಜ್ಯದ ಫಿಡಲ್ ಸ್ಪರ್ಧೆ ಗೆದ್ದರು. 14ಕ್ಕೆ ರೆಕಾರ್ಡ್ ಕಂಪನಿಯ ಕರಾರು. ಆ ವಯಸ್ಸಿನಲ್ಲಿ ನಾನು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. 'ಥೇಟ್ ಎಸ್ಪಿಬಿ ಥರಾನೇ ಇತ್ತು ಕಣೋ' ಅಂತ ಯಾರಾದರೂ ಅಂದರೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಈ ಸಲ ಗ್ರ್ಯಾಮಿ ನಾಮನಿರ್ದೇಶನದ ಪಟ್ಟಿಗೆ ಹೋಗಿದ್ದು ಹೋದ ವರ್ಷ ಫೆಬ್ರವರಿಯಲ್ಲಿ ಬಂದ 'ವಿಂಡಿ ಸಿಟಿ' ಆಲ್ಬಂನ ಎರಡು ಹಾಡು. ಆಲ್ಬಂನಲ್ಲಿ ಇರುವುದೇ ಹತ್ತು, ಹತ್ತೂ ಕವರ್. ಅಮ್ಮನಿಗೆ ಫೋನ್‌ನಲ್ಲಿ ಹಾಗಂದರೆ 'ಯಾವ ಕವರೋ?' ಅಂದಳು. ಅವಳಿಗೆ ಕವರ್ ಅಂದರೆ ತರಕಾರಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಬೇರೆಯವರು ಹಾಡಿದ ಹಳೇ ಹಾಡನ್ನು ಮತ್ತೆ ಹಾಡೋದಮ್ಮ ಅಂದೆ. 'ಅದಕ್ಕೂ ಪ್ರಶಸ್ತಿ ಕೊಡ್ತಾರಾ?' ಅಂದಳು.

ಕೊಡಬೇಕು ಅಂತ ನನ್ನ ವಾದ. 'ಲೂಸಿಂಗ್ ಯೂ' ಹಾಡನ್ನೇ ತೆಗೆದುಕೊಳ್ಳಿ. ಮೂಲ ಒಂದು ಫ್ರೆಂಚ್ ಹಾಡು. 1963ರಲ್ಲಿ ಗಾಯಕಿ ಬ್ರೆಂಡಾ ಲೀ ಇಂಗ್ಲಿಷಿನಲ್ಲಿ ಹಾಡಿ ಹಿಟ್ ಮಾಡಿದರು. ಅವರದೇ ಇನ್ನೊಂದು ಹಿಟ್ 'ಆಲ್ ಅಲೋನ್ ಆಮ್ ಐ' ಕೂಡ ಇಲ್ಲಿದೆ. ಅದರ ಧಾಟಿ ಗ್ರೀಸಿನ ಮಾನೋಸ್ ಹಾಜಿದಾಕಿಸ್ ಅವರದು. ಎರಡೂ ಬ್ರೆಂಡಾ ಗಂಟಲು ತುಂಬಿ ಅತ್ತು ಹಾಡಿದ ಹಾಡುಗಳು. ಕ್ರೌಸ್ ಆ ಅಳುವನ್ನು ಮುಟ್ಟಲು ಹೋಗುವುದಿಲ್ಲ. ದನಿ ಏರಬೇಕಾದ ಕಡೆ ಇನ್ನೂ ತೆಳುವಾಗುತ್ತದೆ. ಅತ್ತು ಮುಗಿಸಿ, ಮುಖ ತೊಳೆದು ಬಂದು ಮಾತಾಡಿದ ಹಾಗೆ.

ಪಟ್ಟಿಗೆ ಹೋದ ಇನ್ನೊಂದು ಹಾಡು 'ಐ ನೆವರ್ ಕೇರ್ಡ್ ಫಾರ್ ಯೂ', ವಿಲ್ಲಿ ನೆಲ್ಸನ್ 1964ರಲ್ಲಿ ಹಾಡಿದ್ದು. ಸೂರ್ಯ ತಣ್ಣಗಿದ್ದಾನೆ, ಆಕಾಶ ನೀಲಿಯಾಗಿ ಇದ್ದಿದ್ದೇ ಇಲ್ಲ ಅಂತ ಸಾಲಾಗಿ ಸುಳ್ಳು ಹೇಳುತ್ತಾ ಬಂದು, ಕೊನೆಗೆ 'ನಿನ್ನ ಮೇಲೆ ನನಗೆ ಯಾವತ್ತೂ ಮನಸ್ಸಿರಲಿಲ್ಲ' ಅನ್ನುತ್ತದೆ. ಮೊದಲಿನದೆಲ್ಲ ಸುಳ್ಳಾದರೆ ಇದೂ ಸುಳ್ಳೇ ತಾನೆ? ಕ್ರೌಸ್ ಇದನ್ನು ಎಷ್ಟು ಶಾಂತವಾಗಿ ಹಾಡುತ್ತಾರೆ ಅಂದರೆ, ಒಂದು ಕ್ಷಣ ಸೂರ್ಯ ತಣ್ಣಗಿರಲೂಬಹುದು ಅನ್ನಿಸುತ್ತದೆ. ಇಲ್ಲಿನ ಜನವರಿಯಲ್ಲಂತೂ ಅದನ್ನು ನಂಬುವುದು ಸುಲಭ.

ಕ್ರೌಸ್ ಹೆಸರಾಗಿದ್ದು ಬ್ಲೂಗ್ರಾಸ್‌ಗೆ, ಅಂದರೆ ಬ್ಯಾಂಜೋ, ಫಿಡಲ್ ಥರದ ತಂತಿವಾದ್ಯಗಳ ಅಮೆರಿಕದ ಹಳ್ಳಿ ಸಂಗೀತಕ್ಕೆ. ಬ್ಲೂಗ್ರಾಸ್ ಗಾಯಕಿಯ ಆಲ್ಬಂ ಅಂತ ಬ್ಯಾಂಜೋ ಕೇಳಲು ಹೋದವರಿಗೆ ನಿರಾಸೆ ಗ್ಯಾರಂಟಿ. ಇಲ್ಲಿ ಡ್ರಮ್ಸ್ ಇದೆ, ಸ್ಟೀಲ್ ಗಿಟಾರ್ ಇದೆ, ಹಿಂದೆ ಪಿಟೀಲುಗಳ ಗುಂಪೇ ಇದೆ. ಎಲ್ಲ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ಹಳೇ ರೀತಿ, ನಿರ್ಮಾಪಕ ಬಡ್ಡಿ ಕ್ಯಾನನ್ ಅವರ ಕೈಚಳಕ. ಆದರೆ ಹಾಡುಗಳಿಗೆ ಬ್ಲೂಗ್ರಾಸ್ ನೆಂಟಸ್ತಿಕೆ ಇದ್ದೇ ಇದೆ. ಶೀರ್ಷಿಕೆಯ ಹಾಡು ಕೆಂಟಕಿಯ ಆಸ್ಬೋರ್ನ್ ಸಹೋದರರದು. ಡ್ರಮ್ಸ್, ಕರೆಂಟ್ ವಾದ್ಯ ಎಲ್ಲ ಸೇರಿಸಿದ್ದಕ್ಕೆ ಮಡಿವಂತರಿಂದ ಬೈಸಿಕೊಂಡ ಜೋಡಿ ಅದು. 'ಜೆಂಟಲ್ ಆನ್ ಮೈ ಮೈಂಡ್' ಬರೆದ ಜಾನ್ ಹಾರ್ಟ್‌ಫರ್ಡ್ ಸ್ವತಃ ಬ್ಯಾಂಜೋ ವಾದಕ. ಅದು ಅಲೆಮಾರಿ ಗಂಡಸಿನ ಹಾಡು. ಹಾಸಿಗೆ ಸುರುಳಿಯನ್ನು ಅವಳ ಸೋಫಾ ಹಿಂದೆ ಇಟ್ಟು, ಮನಸ್ಸು ಬಂದಾಗ ಹೊರಟುಬಿಡುವವನು. ಹೆಂಗಸಿನ ದನಿಯಲ್ಲಿ ಕೇಳಿದಾಗ ಹೊರಟವಳು ಅವಳು, ಸೋಫಾ ನನ್ನದು! ಪಟ್ಟಿಗೆ ಸೇರಬೇಕಿದ್ದಿದ್ದು ಇದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇದಕ್ಕೆ ಮೊದಲು ಕ್ರೌಸ್ ಒಬ್ಬರೇ ಮಾಡಿದ ಆಲ್ಬಂ ಬಂದಿದ್ದು 1999ರಲ್ಲಿ. ಈ ನಡುವೆ ಗಂಟಲಿನ ಸ್ನಾಯು ಬಿಗಿಯುವ ಡಿಸ್ಫೋನಿಯಾ ಕಾಡಿತ್ತು. ಹಾಡಲು ಬಾಯಿ ತೆರೆದರೆ ದನಿ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಇದು ಗೊತ್ತಾದ ಮೇಲೆ ಅವರು ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗಮನಿಸುವ ಚಟ ಹತ್ತಿದೆ. ಪಾರ್ಕಿಂಗ್‌ನಲ್ಲಿ 'ಲೂಸಿಂಗ್ ಯೂ' ಮೂರು ಸಲ ಕೇಳಿದೆ, ಬರೀ ಅದಕ್ಕಾಗಿ. ಗಾಜಿನ ಮೇಲಿನ ಮಂಜು ಅಷ್ಟರಲ್ಲಿ ಅರ್ಧ ಕರಗಿತ್ತು.

ಶೀರ್ಷಿಕೆಯ ಹಾಡನ್ನು ಮಾತ್ರ ದಾಟಿಸಿದೆ. ವಿಂಡಿ ಸಿಟಿ ಅಂದರೆ ಶಿಕಾಗೋ. ಪ್ರೀತಿಸಿದವರನ್ನು ಆ ಊರು ಕರೆದುಕೊಂಡು ಹೋಯಿತು ಅಂತ ಹಿಂದೆ ಉಳಿದವರ ಗೋಳು. ಸೋಮವಾರ ಬೆಳಿಗ್ಗೆ ಕೇಳುವ ಹಾಡಾ ಅದು?

ಒಂಬತ್ತೂವರೆಗೆ ಇವಳ ಮೆಸೇಜ್ ಬಂತು. 'ತಲುಪಿದೆ. ವಿಪರೀತ ಗಾಳಿ. ಹುಳಿ ಫ್ರಿಜ್‌ನಲ್ಲಿದೆ, ಇವತ್ತೇ ಖಾಲಿ ಮಾಡು.'