ಸೂತಕದ ಮನೆಯ ಗದ್ದೆಗೆ ಬಂದ ಚರಗ

ವಿಜಯದಶಮಿ ಕಳೆದ ಐದನೆಯ ದಿನ ಬರುವ, ಭೂಮಿತಾಯಿಯನ್ನು ಬಸುರಿಯೆಂದು ಕಂಡು ಗದ್ದೆಯಲ್ಲಿ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆಯನ್ನು ಈ ವರ್ಷ ನಮ್ಮ ಮನೆಯಲ್ಲಿ ಆಚರಿಸಲಾಗಲಿಲ್ಲ. ದಶಮಿಯ ಮರುದಿನವೇ ದೊಡ್ಡಪ್ಪ ತೀರಿಕೊಂಡರು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಚಿತ್ತಾರ ಅರ್ಧ ಮಾತ್ರ ಮೂಡಿದ್ದ, ಎಡೆಯನ್ನು ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಯನ್ನು ಅತ್ತಿಗೆ ಹಾಗೆಯೇ ಅಟ್ಟಕ್ಕೇರಿಸಿದರು. ಸೂತಕದ ಮನೆಯಲ್ಲಿ ಹಬ್ಬದ ಅಡುಗೆ ಇಲ್ಲವೆಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಆದರೆ ಹಿತ್ತಲಾಚೆಯ ಗದ್ದೆಯಲ್ಲಿ ಭತ್ತ ಹೊಡೆಯಾಗಿ, ತೆನೆಯನ್ನು ಇನ್ನೂ ಒಡಲಲ್ಲಿಯೇ ಇಟ್ಟುಕೊಂಡು ನಿಂತಿತ್ತು. ತುಂಬಿದ ಬಸುರಿಗೆ ಬಯಕೆಯೂಟವಿಲ್ಲದೆ ಹೋಯಿತಲ್ಲ ಎಂಬ ಸಂಕಟ ದೊಡ್ಡಪ್ಪನ ದುಃಖದ ಜೊತೆಗೇ ನಮ್ಮೆಲ್ಲರನ್ನೂ ಕಾಡಿತು.

ಸಾಗರ, ಸೊರಬದ ಕಡೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಡೆಯೆಂದರೆ ಏನೆಂದು ನಾನು ಅರಿತದ್ದು ಅಜ್ಜಿಯ ಕೈಯಿಂದ. ನನಗೆ ಆಗ ಆರೋ ಏಳೋ ವರ್ಷ. ದೊಂದಿಯ ಬೆಳಕಿನಲ್ಲಿ ಬದುವಿನ ಮೇಲೆ ನಡೆಸಿಕೊಂಡು ಹೋದ ಅಜ್ಜಿ, ಇಬ್ಬನಿಯಲ್ಲಿ ತೊಯ್ದ ಒಂದು ಸಸಿಯನ್ನು ಹಿಡಿದು, ನನ್ನ ಎರಡು ಬೆರಳನ್ನು ಅದರ ಉಬ್ಬಿದ ಸುಳಿಯ ಮೇಲಿಟ್ಟು, ‘ಮೆಲ್ಲಗೆ ಮಗಾ, ಬಸುರಿ ಅವಳು’ ಎಂದಿದ್ದರು. ತಣ್ಣಗೆ, ನುಣ್ಣಗೆ, ಒಳಗೇನೋ ತುಂಬಿಕೊಂಡಿದ್ದರೂ ಒತ್ತಿದರೆ ಬಗ್ಗುವಷ್ಟು ಮೆತ್ತಗೆ ಇದ್ದ ಆ ಸ್ಪರ್ಶವನ್ನು ಇಷ್ಟು ವರ್ಷಗಳಾದರೂ ನನ್ನ ಬೆರಳು ಮರೆತಿಲ್ಲ. ಅದೇ ದಿನ, ಹಿರಿಯರೆಲ್ಲ ಪೂಜೆಯಲ್ಲಿದ್ದಾಗ, ಒಳಗೆ ಏನಿದೆಯೋ ನೋಡುವ ಆಸೆಯಿಂದ ನಾನು ಒಂದು ಹೊಡೆಯನ್ನು ಉಗುರಿನಿಂದ ಸೀಳಿದೆ. ಎಳೆ ಹಸಿರಿನ, ಕಾಳು ಕಟ್ಟದ, ಒದ್ದೆಯಾದ ಪುಟ್ಟ ತೆನೆಯೊಂದು ಅಂಗೈಗೆ ಬಂತು. ಅಜ್ಜಿ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬದುವಿನ ಮೇಲೆ ಕುಳಿತು, ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ‘ಒಡೆದದ್ದನ್ನು ಕೂಡಿಸಲಿಕ್ಕೆ ನಿನಗೆ ಬರ್ತದಾ? ನನಗೂ ಬರೂದಿಲ್ಲ’ ಎಂದರು. ಆಮೇಲೆ ಇಬ್ಬರೂ ನೆಲಕ್ಕೆ ಹಣೆ ಮುಟ್ಟಿಸಿದೆವು.

ಅಥರ್ವವೇದದ ಭೂಮಿಸೂಕ್ತದಲ್ಲಿ, ತಾಯೇ, ನಿನ್ನಿಂದ ನಾನು ಅಗೆದದ್ದು ಬೇಗನೆ ಮತ್ತೆ ಚಿಗುರಲಿ, ನಿನ್ನ ಮರ್ಮಕ್ಕೆ ನಾನು ನೋವು ಮಾಡದಿರಲಿ ಎಂಬ ಪ್ರಾರ್ಥನೆಯಿದೆ. ಎಷ್ಟೋ ವರ್ಷಗಳ ಮೇಲೆ ಅದನ್ನು ಕೇಳಿದಾಗ ನನಗೆ ಕಂಡದ್ದು ಅಜ್ಜಿಯ ಅಂಗೈ ಮೇಲಿನ ಆ ತೆನೆ.

ಭತ್ತದ ಸಸಿಗೆ ಮನೆಯ ಹೆಣ್ಣುಮಕ್ಕಳ ಒಡವೆ ತೊಡಿಸಿ ಪೂಜಿಸಿದ ಮೇಲೆ ಎಡೆಯಲ್ಲಿ ಕಾಗೆಗೊಂದು ಪಾಲು, ಇಲಿಗೊಂದು ಪಾಲು ತೆಗೆದಿಡುವುದು ನಮ್ಮಲ್ಲಿ ರೂಢಿ. ಭತ್ತ ಕದಿಯುವ ಇಲಿಗೆ ಯಾಕೆ ಕೊಡಬೇಕೆಂದು ಕೇಳಿದ್ದಕ್ಕೆ ಅಜ್ಜಿ, ‘ತಾಯಿಯ ಬಯಕೆಯೂಟದ ದಿನ ಅವಳ ಮಕ್ಕಳಲ್ಲಿ ಒಬ್ಬರನ್ನು ಹೊರಗೆ ಕೂರಿಸ್ತಾರಾ?’ ಎಂದಿದ್ದರು. ಇಲಿಯನ್ನು ಹಿಡಿಯಲು ಗೂಬೆಯೂ ಕೇರೆಹಾವೂ ಇವೆ, ಹುಳುವನ್ನು ಹಿಡಿಯಲು ಕಪ್ಪೆಯೂ ಜೇಡವೂ ಇವೆ. ಯಾರಿಗೆ ಎಷ್ಟು ಪಾಲೆಂಬ ಲೆಕ್ಕ ಆ ತಾಯಿಯದು. ನಾವು ಕೈಯಿಟ್ಟಾಗಲೇ ಆ ಲೆಕ್ಕ ತಪ್ಪುತ್ತದೆ. ಸಿಕ್ಕಸಿಕ್ಕಂತೆ ವಿಷ ಹೊಡೆದ ಗದ್ದೆಯಲ್ಲಿ ಮೊದಲು ಸಾಯುವುದು ಜೇಡ. ಅದನ್ನು ಹಿಂಬಾಲಿಸಿ ಕಂದು ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಬಂದು, ಗದ್ದೆ ಸುಟ್ಟಂತೆ ಒಣಗುತ್ತದೆ. ಕಪ್ಪೆಯ ಕಾಲನ್ನು ಹೊರದೇಶಗಳಿಗೆ ಮಾರುವುದನ್ನು ನಮ್ಮ ಸರ್ಕಾರ 1987ರಲ್ಲಿ ನಿಷೇಧಿಸಬೇಕಾಯಿತು. ಗದ್ದೆಯ ಕಪ್ಪೆ ಯಾರ ಅನ್ನವನ್ನು ಕಾಯುತ್ತದೆಂಬುದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಬದುವಿನ ವಿಷಯದಲ್ಲಿ. ಗದ್ದೆಗೆ ಬೀರುವ ಸೊಪ್ಪಿನ ಅಡುಗೆಯಾದ ಅಚ್ಚಂಬಲಿಗೆ ಬೇಕಾದ ಬೆರಕೆ ಸೊಪ್ಪನ್ನು ಯಾರೂ ಪೇಟೆಯಿಂದ ತರುತ್ತಿರಲಿಲ್ಲ. ಒಂದೆಲಗ, ಗಣಿಕೆ, ಹೊನಗೊನ್ನೆ, ಕೆಸುವಿನ ಎಲೆ, ಹೆಸರೇ ತಿಳಿಯದ ಇನ್ನೆಷ್ಟೋ ಕುಡಿಗಳನ್ನು ಹಿಂದಿನ ಸಂಜೆ ಹೆಂಗಸರು ಬದುವಿನಿಂದ, ಬೇಲಿಯಿಂದ ಕೊಯ್ದು ತಂದು, ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸುತ್ತಿದ್ದರು. ಈಗ ಕಳೆನಾಶಕ ಹೊಡೆದ ಬದುಗಳು ಮಳೆಗಾಲದಲ್ಲಿಯೇ ಕೆಂಪಾಗಿ ಸತ್ತುಬಿದ್ದಿರುತ್ತವೆ. ಬಸುರಿಯ ಬಾಯಿಗೆ ಬೇಕಾದುದನ್ನೆಲ್ಲ ಅವಳ ಅಂಗಳದಲ್ಲಿಯೇ ಸುಟ್ಟು, ಪೇಟೆಯ ಮೂರು ಕಟ್ಟು ಹರಿವೆ ಸೊಪ್ಪಿನಲ್ಲಿ ಶಾಸ್ತ್ರ ಮುಗಿಸುವವರನ್ನು ಕಂಡರೆ ನನಗೆ ಅಳು ಬರುತ್ತದೆ. ದೊಡ್ಡಪ್ಪ ಮಾತ್ರ ಕೊನೆಯವರೆಗೂ ಬದುವನ್ನು ಕತ್ತಿಯಲ್ಲಿಯೇ ಸವರಿಸಿದರು. ಕೂಲಿ ದುಬಾರಿಯಾಯಿತೆಂದು ಮನೆಯಲ್ಲಿ ನಾವೇ ಗೊಣಗಿದ್ದುಂಟು.

ಹುಣ್ಣಿಮೆಯ ಆ ನಸುಕಿನಲ್ಲಿ ನಾವೆಲ್ಲ ಎಚ್ಚರವಾಗಿಯೇ ಮಲಗಿದ್ದೆವು. ಚಂದ್ರ ಪಡುವಣಕ್ಕೆ ಇಳಿದಿದ್ದ. ದೂರದ ಗದ್ದೆಗಳಿಂದ ಒಂದೊಂದಾಗಿ ಕೂಗು ಕೇಳಿಬರತೊಡಗಿತು. ಆಮೇಲೆ, ತೀರ ಹತ್ತಿರದಲ್ಲಿ, ನಮ್ಮ ಹಿತ್ತಲಾಚೆಯಿಂದಲೇ, ‘ಅಚ್ಚಂಬಲಿ, ಹಾಲಂಬಲಿ... ಭೂಮಿತಾಯಿ ಉಂಡು ಹೋಗಲಿ’ ಎಂಬ ಹೆಣ್ಣುದನಿ ಕೇಳಿತು. ಅತ್ತಿಗೆ ತಟ್ಟನೆ ಎದ್ದು ಕುಳಿತರು. ಕೆಳಮನೆಯ ಅಕ್ಕ ತಮ್ಮ ಗದ್ದೆಗೆ ಎಡೆ ಬೀರುವ ಚರಗ ಮುಗಿಸಿ, ನಮಗಾಗಿಯೇ ತುಂಬಿಟ್ಟುಕೊಂಡಿದ್ದ ಇನ್ನೊಂದು ಬುಟ್ಟಿ ಹೊತ್ತು ನಮ್ಮ ಗದ್ದೆಗೆ ಬಂದಿದ್ದರು. ಬಹಳ ಹಿಂದೆ ಅವರ ಮಾವ ತೀರಿಕೊಂಡ ವರ್ಷ ಅವರ ಗದ್ದೆಗೆ ಹೀಗೆ ಬುಟ್ಟಿ ಹೊತ್ತು ಹೋದದ್ದು ನಮ್ಮ ಅಜ್ಜಿ. ಸೂತಕದ ಮನೆಯ ಕೆಲಸಕ್ಕೆ ನೀನು ಯಾಕೆ ಹೋಗಬೇಕೆಂದು ಯಾರೋ ಕೇಳಿದಾಗ, ‘ಬಸುರಿಯ ಹಸಿವಿಗೆ ಯಾರ ಮನೆಯ ಸೂತಕ?’ ಎಂದು ಅವರು ನಡೆದುಬಿಟ್ಟಿದ್ದರಂತೆ.

ಬೆಳಕು ಹರಿದ ಮೇಲೆ ಆ ಅಕ್ಕ ಖಾಲಿ ಬುಟ್ಟಿಯೊಂದಿಗೆ ಬೇಲಿಬಾಗಿಲಾದ ದಣಪೆಯಾಚೆಯೇ ನಿಂತು ಅತ್ತಿಗೆಯನ್ನು ಕರೆದರು. ‘ಇಲಿಗೆ, ಕಾಗೆಗೆ, ಎಲ್ಲಾ ಇಟ್ಟಿದೀನಿ, ಬೇಜಾರು ಮಾಡ್ಕೋಬೇಡಿ. ಈ ಸಲದ ಸೊಪ್ಪನ್ನೆಲ್ಲ ನಿನ್ನೆ ನಿಮ್ಮ ಬದುವಿನಿಂದಲೇ ಕೊಯ್ದದ್ದು. ಊರಿಗೆಲ್ಲ ಹೊನಗೊನ್ನೆ ಸಿಕ್ಕಿದ್ದು ಅಲ್ಲೇ’ ಎಂದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಿರುಗಿ ಗದ್ದೆಯ ಕಡೆಗೆ ನೋಡಿದರು. ಬದುವಿನ ಎಡೆಯ ಮೇಲೆ ಆಗಲೇ ಎರಡು ಕಾಗೆಗಳು ಕುಳಿತಿದ್ದವು.